ಪಿತ್ತನಾಳದ ಸ್ಟೆಂಟ್ ಕಟ್ಟಿಕೊಂಡಿದೆಯೇ? ಸಿ.ಟಿ. ಸ್ಕ್ಯಾನ್‌ನಲ್ಲಿ ನೋಡುವುದು ಹೀಗೆ

ನಮ್ಮ ಕೊಡಗಿನಲ್ಲಿ ಸೆಪ್ಟೆಂಬರ್‌ನ ಕೈಲ್ ಮುಹೂರ್ತದ ಹೊತ್ತಿಗೆ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿಸಿಕೊಂಡವರು ನವೆಂಬರ್–ಡಿಸೆಂಬರ್‌ನ ಹುತ್ತರಿ ಬರುವುದರೊಳಗೆ ಅದನ್ನು ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿರಬೇಕು. ಅದು ಪಿತ್ತರಸ ಕರುಳಿಗೆ ಹರಿಯಲೆಂದು ನಾಳದೊಳಗೆ ಇಡುವ, ಮೂರು ಮಿಲಿಮೀಟರಿನ ಆಸುಪಾಸಿನ ಅಗಲದ ಕೊಳವೆ. ಸುಮಾರು ಮೂರು ತಿಂಗಳಲ್ಲಿ ಒಳಮೈಗೆ ಬ್ಯಾಕ್ಟೀರಿಯಾದ ಪದರವೂ ಪಿತ್ತರಸದ ಕೆಸರೂ ಅಂಟಿ ದಾರಿ ಮುಚ್ಚತೊಡಗುತ್ತದೆ. ಲೋಹದ ಬಲೆಯಂತಿರುವ ಸ್ಟೆಂಟ್ 10 ಮಿ.ಮೀ. ಅಗಲದವರೆಗೂ ಅರಳುವುದರಿಂದ ಹೆಚ್ಚು ಕಾಲ ಬಾಳುತ್ತದೆ. ಆದರೆ ಗಡ್ಡೆ ಇರುವವರಲ್ಲಿ ಬಲೆಯ ಕಣ್ಣುಗಳ ಮೂಲಕ ಗಡ್ಡೆಯೇ ಒಳಕ್ಕೆ ಬೆಳೆಯಬಹುದು.

ಮೊದಲು ಲಕ್ಷಣ ಗಮನಿಸಿ. ಕಣ್ಣು ಹಳದಿಯಾಗುವುದು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು, ಮಲ ಬಿಳಿಚುವುದು, ಮೈಯೆಲ್ಲ ತುರಿಕೆ. ಸ್ಟೆಂಟ್ ಇರುವವರು ಆಗ ಕಾಮಾಲೆಯ ನಾಟಿ ಮದ್ದು ಕುಡಿಯುತ್ತಾ ವಾರ ಕಳೆಯಬೇಡಿ, ದಯವಿಟ್ಟು. ದಾರಿ ಮುಚ್ಚಿ ಬಂದ ಕಾಮಾಲೆ ದಾರಿ ತೆರೆಯದೆ ಇಳಿಯುವುದಿಲ್ಲ. ನಡುಗಿಸುವ ಚಳಿಜ್ವರವೂ ಬಂದರೆ ಸೋಂಕು ನಾಳಕ್ಕೆ ಹತ್ತಿರುವ ಸಂಭವವಿದೆ. ಮಳೆಗಾಲದ ಜ್ವರವೆಂದು ಮನೆಯಲ್ಲಿ ಮಲಗಬೇಡಿ, ಸ್ಕ್ಯಾನ್‌ನ ಸರದಿಗೂ ಕಾಯಬೇಡಿ. ಅಂದೇ ಆಸ್ಪತ್ರೆ ಸೇರಿ.

ಸಾಮಾನ್ಯವಾಗಿ ವೈದ್ಯರು ರಕ್ತದಲ್ಲಿ ಬಿಲಿರುಬಿನ್ (ಕಾಮಾಲೆಯ ಹಳದಿ ಅಂಶ) ನೋಡಿ, ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ, ಬಳಿಕ ಸಿ.ಟಿ.ಗೆ ಬರೆದುಕೊಡುತ್ತಾರೆ. ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧ ಕೊಡುವುದರಿಂದ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕು. ಮೂತ್ರಪಿಂಡದ ತೊಂದರೆ, ಹಿಂದೆ ಆದ ಅಲರ್ಜಿ, ಸಕ್ಕರೆ ಕಾಯಿಲೆಗೆ ನುಂಗುವ ಮೆಟ್‌ಫಾರ್ಮಿನ್, ಗರ್ಭ, ಯಾವುದನ್ನೂ ಮುಚ್ಚಿಡದೆ ಹೇಳಿ. ಎಷ್ಟು ಗಂಟೆ ಊಟ ಬಿಡಬೇಕೆಂದು ಕೇಂದ್ರದವರನ್ನೇ ಕೇಳಿ.

ಯಂತ್ರದ ಮೇಲೆ ಅಂಗಾತ ಮಲಗಬೇಕು. ಔಷಧ ಹರಿದಾಗ ಮೈ ಬಿಸಿಯಾದಂತೆ, ಬಾಯಲ್ಲಿ ಲೋಹದ ರುಚಿ ಬಂದಂತೆ ಅನಿಸುತ್ತದೆ, ಗಾಬರಿ ಬೇಡ. ಉಸಿರು ಹಿಡಿಯಿರಿ ಎಂದಾಗ ಹಿಡಿದರೆ ಸಾಕು, ಚಿತ್ರ ತೆಗೆಯುವುದು ಕೆಲವೇ ಸೆಕೆಂಡು.

ಇನ್ನು ಸ್ಕ್ಯಾನ್ ಚಿತ್ರ ಓದುವ ವೈದ್ಯರಾದ ರೇಡಿಯಾಲಜಿಸ್ಟ್ ಹುಡುಕುವುದು ಏನನ್ನು? ಮುಖ್ಯವಾಗಿ ಗಾಳಿಯನ್ನು. ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಪಂಪಿನೊಳಗೆ ಗಾಳಿ ಸೇರಿದರೆ ನೀರು ಏರುವುದಿಲ್ಲವೆಂಬುದು ಗೊತ್ತು. ಇಲ್ಲಿ ಲೆಕ್ಕ ತಿರುವುಮುರುವು. ಸ್ಟೆಂಟಿನ ಕೆಳತುದಿ ಸಣ್ಣ ಕರುಳಿನೊಳಗೆ ತೆರೆದಿದ್ದರೆ ಕರುಳಿನ ಗಾಳಿ ಅದರ ಮೂಲಕ ಮೇಲೇರಿ ಪಿತ್ತನಾಳಗಳಲ್ಲಿ ನಿಲ್ಲುತ್ತದೆ. ಅಂಗಾತ ಮಲಗಿದವರಲ್ಲಿ ಯಕೃತ್ತಿನ ಎಡಭಾಗ ಮುಂದಕ್ಕೆ, ಅಂದರೆ ಮೇಲ್ಗಡೆಗೆ ಇರುವುದರಿಂದ ಅಲ್ಲಿನ ನಾಳಗಳಲ್ಲಿ ಅದು ಕಪ್ಪು ಗೆರೆಗಳಾಗಿ ಕಾಣುತ್ತದೆ. ಕಪ್ಪು ಕಂಡರೆ ದಾರಿ ತೆರೆದಿರುವ ಸಂಭವ ಹೆಚ್ಚು. ಹಿಂದಿನ ಚಿತ್ರದಲ್ಲಿದ್ದ ಗಾಳಿ ಈಗ ಮಾಯವಾಗಿ, ನಾಳಗಳು ಮೊದಲಿಗಿಂತ ಹಿಗ್ಗಿದ್ದರೆ ಸ್ಟೆಂಟ್ ಕಟ್ಟಿದೆಯೆಂಬ ಅನುಮಾನ ಬಲವಾಗುತ್ತದೆ. ಸ್ಟೆಂಟ್ ಜಾರಿದೆಯೇ, ಒಳಗೆ ಬೂದು ಬಣ್ಣದ ಅಂಶ ತುಂಬಿದೆಯೇ, ಗಡ್ಡೆ ದೊಡ್ಡದಾಗಿದೆಯೇ ಎಂಬುದೂ ತಿಳಿಯುತ್ತದೆ.

ಆದರೆ ಒಂದೇ ಚಿತ್ರದಿಂದ ತೀರ್ಪು ಕೊಡಲಾಗದು. ಸ್ಟೆಂಟ್ ಚೆನ್ನಾಗಿದ್ದರೂ ಕೆಲವರ ನಾಳ ಹಿಗ್ಗಿಯೇ ಉಳಿದಿರುತ್ತದೆ. ತುದಿ ಕರುಳಿಗೆ ತೆರೆಯದ ಸ್ಟೆಂಟಿನಲ್ಲಿ ಗಾಳಿಯೇ ಕಾಣದಿರಬಹುದು. ಆದ್ದರಿಂದಲೇ ಹಳೆಯ ಸ್ಕ್ಯಾನ್‌ನ ಸಿ.ಡಿ. ಚಿನ್ನದಷ್ಟು ಬೆಲೆಯುಳ್ಳದ್ದು. ಬರೀ ರಿಪೋರ್ಟ್ ಹಾಳೆ ಸಾಲದು, ಚಿತ್ರಗಳೇ ಬೇಕು.

ಕಟ್ಟಿರುವುದು ಖಚಿತವಾದರೆ ಇ.ಆರ್.ಸಿ.ಪಿ. ಎಂಬ ಎಂಡೋಸ್ಕೋಪಿ ವಿಧಾನದ ಮೂಲಕ ಬಾಯಿಯಿಂದ ಕೊಳವೆ ಇಳಿಸಿ ಸ್ಟೆಂಟ್ ಶುಚಿಗೊಳಿಸುತ್ತಾರೆ ಅಥವಾ ಹೊಸದನ್ನು ಹಾಕುತ್ತಾರೆ. ಅದಕ್ಕಾಗಿ ಕೊಡಗಿನಿಂದ ಮೈಸೂರಿಗೋ, ಘಾಟಿ ಇಳಿದು ಮಂಗಳೂರಿಗೋ ಹೋಗಬೇಕಾಗಿ ಬರಬಹುದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ನಾವು ಮರೆತಿಲ್ಲ. ಬದಲಿಸುವ ದಿನ ಜುಲೈ, ಆಗಸ್ಟ್‌ನಲ್ಲಿ ಬೀಳುವಂತಿದ್ದರೆ ಮಳೆ ಬಲಿಯುವ ಮೊದಲೇ ಮಾಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಸ್ಟೆಂಟ್ ಹಾಕಿದ ದಿನಾಂಕ ಮತ್ತು ಅದು ಯಾವ ಬಗೆಯದೆಂದು ಬರೆದಿರುವ ಡಿಸ್ಚಾರ್ಜ್ ಹಾಳೆಯ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.