ಬೆಲ್ಲಕ್ಕ ಸುಣ್ಣ ಎಷ್ಟ್ ಹಾಕಬೇಕು, ನಮ್ ಗಾಣದಾಗ ನಾ ಕಲ್ತಿದ್ದು

ಮಹಾಲಿಂಗಪುರದ ಹತ್ರ ನಮ್ದೊಂದು ಬೆಲ್ಲದ ಗಾಣ ಐತ್ರಿ, ಅಪ್ಪಾರ ಕಾಲದ್ದು. ಕೊಪ್ಪರಿಗಿಗೆ ಇಷ್ಟ್ ತಂಬಿಗಿ ಸುಣ್ಣದ ತಿಳಿನೀರು ಅಂತ ಲೆಕ್ಕ, ಯಾಕ ಅಂತ ಯಾರೂ ಕೇಳ್ತಿದ್ದಿಲ್ಲ. ಒಂದ್ ವರ್ಷ ಟ್ರ್ಯಾಕ್ಟರ್ ಸಿಗದ ಕಡದ ಕಬ್ಬು ಮೂರ್ ದಿನ ಹೊಲದಾಗ ಬಿತ್ತು, ಅದನ್ನ ಅರದು ಎಂದಿನಂಗ ಸುಣ್ಣ ಹಾಕಿ ಕುದಿಸಿದ್ವಿ, ಬೆಲ್ಲದ ಪೆಂಟಿ (ಗಟ್ಟಿ ಉಂಡಿ) ಕಟ್ಟಲೇ ಇಲ್ಲ, ಅರಬಿ ಬಿಚ್ಚಿದ್ರ ಬೆರಳಿಗೆ ಜಿಗಿಜಿಗಿ. ಮರುದಿನ ತಾಜಾ ಕಬ್ಬು ಬಂತು, ನಾ ಹೆದರಿ ಡಬಲ್ ಸುಣ್ಣ ಸುರುವಿದೆ, ಬೆಲ್ಲ ಗಟ್ಟಿ ಆತು ಖರೆ ಆದ್ರ ಬಣ್ಣ ಕರ್ರಗ, ವ್ಯಾಪಾರಿ ಮುಟ್ಟಲಿಲ್ಲ.

ಆಮ್ಯಾಲ ಕುಂತು ತಿಳಕೊಂಡೆ. ಕಬ್ಬಿನ ಹಾಲು ಮೊದಲಿಂದನೂ ಸ್ವಲ್ಪ ಹುಳಿ, ತಾಜಾ ಇದ್ರ ಪಿಎಚ್ (ಹುಳಿ ಅಳಿಯೂ ಲೆಕ್ಕ, ನಂಬರ್ ಇಳದಷ್ಟೂ ಹುಳಿ ಹೆಚ್ಚು) 5ರಿಂದ 5.5 ಸುಮಾರು. ಆ ಆಮ್ಲದಾಗ ಕುದಿಸಿದ್ರ ಸುಕ್ರೋಸ್, ಅಂದ್ರ ಕಬ್ಬಿನ ಸಕ್ರಿ, ಒಡದು ಗ್ಲೂಕೋಸು, ಫ್ರಕ್ಟೋಸು ಆಗ್ತಾವು, ಅವು ಹೆಚ್ಚಾದ್ರ ಬೆಲ್ಲ ಹರಳುಗಟ್ಟೂದಿಲ್ಲ, ಗಾಳ್ಯಾಗಿನ ತೇವ ಎಳಕೊಂಡು ಮೆತ್ತಗಾಗತೈತಿ. ಕಡದ ಕಬ್ಬು ಬಿದ್ದಷ್ಟೂ ಹುಳಿ ಏರತೈತಿ, ಸಕ್ರಿ ಒಳಗ ಒಡೀತಿರತೈತಿ, ಒಮ್ಮೆ ಒಡದದ್ದು ಸುಣ್ಣ ಹಾಕಿದ್ರ ಮತ್ತ ಕೂಡೂದಿಲ್ಲ. ಸುಣ್ಣ ಅಂದ್ರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಕ್ಷಾರ, ಅದು ಹುಳಿ ಮುರೀತೈತಿ, ಆದ್ರ ಹೆಚ್ಚಾತಂದ್ರ ಅದ ಗ್ಲೂಕೋಸು ಫ್ರಕ್ಟೋಸು ಕ್ಷಾರದಾಗ ಬೆಂದು ಕಪ್ಪಾಗ್ತಾವು. ನಂದು ಎರಡೂ ತಪ್ಪು ಎರಡೇ ದಿನದಾಗ ಆಗಿದ್ವು.

ಅಳೀಲಿಕ್ಕೆ ಮೊದ್ಲು ಅರಿಶಿಣ ಹಚ್ಚಿದ ಕಾಗದ ಮಾಡ್ದೆ. ಉಪಯೋಗ ಆಗಲಿಲ್ಲ, ಯಾಕಂದ್ರ ಅರಿಶಿಣ ಕೆಂಪಾಗೂದು ಪಿಎಚ್ 7 ದಾಟಿದ ಮ್ಯಾಲ, ನಮಗ ಬೇಕಾದದ್ದು 6.2ರಿಂದ 6.5, ಅದು ಕೆಂಪಾಗೂದ್ರಾಗ ಬೆಲ್ಲ ಕೆಟ್ಟಿರತೈತಿ. ಕಡೀಕ ಬಣ್ಣ ಬದಲಿಸಿ ಪಿಎಚ್ ತೋರಸೂ ಪಿಎಚ್ ಪೇಪರ್ ತಂದೆ. ಚಮಚದಾಗ ಹಾಲು ತಗೊಂಡು ಆರಿಸಿ ಒಂದ್ ಹನಿ ಬಿಡ್ತೀನಿ, ಹನಿ ನಡುಕ ಕಬ್ಬಿನ ಹಾಲಿನ ಮಬ್ಬು ಬಣ್ಣನ ಕಾಣತೈತಿ, ಅದನ್ನ ನೋಡಬಾರ್ದು, ನೀರು ಹಬ್ಬಿದ ಅಂಚು ನೋಡಬೇಕು, ಅಲ್ಲೇ ಖರೆ ಬಣ್ಣ. ಪಿಎಚ್‌ನಾಗ ಒಂದ್ ನಂಬರ್ ಅಂದ್ರ ಹತ್ತು ಪಟ್ಟು ಫರಕು, 5.2ರಿಂದ 6.2ಕ್ಕ ಬಂದ್ರ ಹುಳಿ ಹತ್ತರಾಗ ಒಂದ್ ಪಾಲಿಗೆ ಇಳದಂಗ. ಅದಕ್ಕ ಈಗ ತಂಬಿಗಿ ಲೆಕ್ಕ ಬಿಟ್ಟೀನಿ, ರಾತ್ರಿ ನೆನಸಿ ಸೋಸಿದ ತಿಳಿನೀರು ಲೋಟ ಲೋಟ ಹಾಕಿ, ಕಲಸಿ, ಮತ್ತ ಹನಿ ನೋಡ್ತೀನಿ.

ಇನ್ನೊಂದು ಮಾತು, ಗಾಣದಾಗ ಸಣ್ಣ ಹುಡುಗ್ರು ಇರ್ತಾರ. ಸುಣ್ಣದ ಕಲ್ಲಿಗೆ ನೀರು ಬಿದ್ರ ಕೊತಕೊತ ಕುದೀತೈತಿ. ಕಣ್ಣಿಗೆ ಸಿಡಿದ್ರ, ಕ್ಷಾರಕ್ಕ ಹುಳಿ ಮದ್ದು ಅಂತ ನಿಂಬಿಹಣ್ಣು ಹಿಂಡಬ್ಯಾಡ್ರಿ, ಎರಡೂ ಕೂಡಿದ್ರ ಮತ್ತ ಬಿಸಿ ಹುಟ್ಟತೈತಿ. ಕಣ್ಣು ತೆರದು ಬರೇ ನೀರು ಬಿಡಕೋಂತ ಇರ್ರಿ, ಹಂಗ ದವಾಖಾನಿಗೆ ಕರಕೊಂಡು ಹೋಗ್ರಿ.