ಬರ್ತಿಯೋಂ ನಿಯಮದಂತೆ ಎರಡು ಚಿತ್ರ ತೆಗೆದ ಅನುಭವ

ಪ್ಯಾರಿಸ್ ಪೊಲೀಸರ ಗುರುತುಪತ್ತೆ ವಿಭಾಗವನ್ನು ಕಟ್ಟಿದ ಅಲ್ಫೋನ್ಸ್ ಬರ್ತಿಯೋಂ 1890ರಲ್ಲಿ ಪ್ರಕಟಿಸಿದ ಛಾಯಾಗ್ರಹಣ ನಿಯಮಗಳನ್ನು ನನ್ನ ಸ್ಟುಡಿಯೊದಲ್ಲೇ ಪಾಲಿಸಿ ನೋಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು. ಒಂದು ಎದುರುಮುಖ, ಒಂದು ಬಲ ಪಾರ್ಶ್ವ, ಎರಡೂ ನಿಜಗಾತ್ರದ ಏಳನೇ ಒಂದು ಪಾಲು, ತಿರುಳು ಇಷ್ಟೇ.

ಶೀಟ್ ಫಿಲ್ಮ್ ಹಾಕುವ ಹಳೆಯ ಕ್ಯಾಮೆರಾಕ್ಕೆ 210 ಮಿ.ಮೀ. ಲೆನ್ಸ್ ಕೂರಿಸಿದೆ. ಆ ಪ್ರಮಾಣಕ್ಕೆ ಇಳಿಸಬೇಕಾದರೆ ಮುಖವು ಲೆನ್ಸಿನಿಂದ ಅದರ ಸಂಗಮದೂರದ ಎಂಟರಷ್ಟು, ಅಂದರೆ 168 ಸೆಂ.ಮೀ. ಆಚೆಗಿರಬೇಕು, ಫಿಲ್ಮ್ 24 ಸೆಂ.ಮೀ. ಹಿಂದಿರಬೇಕು. ಕಣ್ಣಿನ ಹೊರತುದಿಯ ನೇರಕ್ಕೆ 28 ಸೆಂ.ಮೀ. ಉದ್ದದ ಪಟ್ಟಿ ನಿಲ್ಲಿಸಿ, ಹಿಂಬದಿಯ ಮಸುಕು ಗಾಜಿನ ಮೇಲೆ ಅದು ಸರಿಯಾಗಿ 4 ಸೆಂ.ಮೀ. ಆಗಿ ಬೀಳುವವರೆಗೆ ಹೊಂದಿಸಿ, ಕುರ್ಚಿಯ ಕಾಲುಗಳ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿದೆ. ಪಾರ್ಶ್ವನೋಟಕ್ಕೂ ಅದೇ ಪಟ್ಟಿಯಿಂದ ಅಳತೆ ನೋಡಿಕೊಂಡೆ.

ಕೂತ ಗೆಳೆಯನಿಗೆ ಬೇಕೆಂದೇ ಮುಖ ಕೆಡಿಸಿಕೊಳ್ಳಲು ಹೇಳಿದೆ. ಎದುರುಮುಖದಲ್ಲಿ ಅವನು ಬೇರೆ ಯಾರೋ ಎನಿಸುವಷ್ಟು ಬದಲಾದ. ಪಾರ್ಶ್ವದಲ್ಲಿ ಮಾತ್ರ ಹಣೆಯ ಇಳಿಜಾರು, ಮೂಗಿನ ಬೆನ್ನು, ಎಲ್ಲಕ್ಕಿಂತ ಹೆಚ್ಚಾಗಿ ಕಿವಿಯ ಮಡಿಕೆಗಳು ಇದ್ದಂತೆಯೇ ಇದ್ದವು. ಬರ್ತಿಯೋಂ ಕಿವಿಗೆ ಅಷ್ಟು ಬೆಲೆ ಕೊಟ್ಟದ್ದು ಏಕೆಂದು ನೆಗೆಟಿವ್ ಒಣಗುವ ಮೊದಲೇ ತಿಳಿಯಿತು.

ಆದರೂ ಸಾವಿರಾರು ಚಿತ್ರಗಳ ರಾಶಿಯಲ್ಲಿ ಒಬ್ಬನನ್ನು ಹುಡುಕಿ ಕೊಡುವುದು ಚಿತ್ರದಿಂದ ಆಗುವ ಕೆಲಸವಲ್ಲ. ಬಂಧಿತರ ತಲೆಯ ಉದ್ದಗಲ, ನಡುಬೆರಳಿನ ಉದ್ದ ಮೊದಲಾದ ಅಳತೆಗಳ ಪ್ರಕಾರ ಬರ್ತಿಯೋಂ ಅವರ ವಿವರದ ಚೀಟಿಗಳನ್ನು ಜೋಡಿಸಿಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. 1892ರ ಮಾರ್ಚ್‌ನಲ್ಲಿ ಸೆರೆಸಿಕ್ಕ ಅರಾಜಕತಾವಾದಿ ರವಾಶೋಲ್, ಹಿಂದೆ ಸಾಂತ್-ಎತಿಯೆನ್‌ನಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದ ಕೋನಿಗ್‌ಸ್ಟೈನ್ ಎಂಬುವನೇ ಎಂದು ಖಚಿತವಾದದ್ದು ಆಗ ಬರೆದಿಟ್ಟಿದ್ದ ಅಳತೆಗಳಿಂದ. ಆ ಪ್ರಕರಣವೇ ಬರ್ತಿಯೋಂಗೆ ದೊಡ್ಡ ಹೆಸರು ತಂದಿತು.

ಇಡೀ ಪದ್ಧತಿ ನಿಂತಿರುವುದು ಕೂತವನು ಅಲುಗಾಡದೆ ಇರುವುದರ ಮೇಲೆ. ಒಪ್ಪದವರ ಮುಂದೆ ನನ್ನ ಸೀಮೆಸುಣ್ಣದ ಗುರುತುಗಳಿಗೆ ಅರ್ಥವೇ ಇಲ್ಲ. ಬ್ರಿಟನ್ನಿನಲ್ಲಿ ಮತದಾನದ ಹಕ್ಕಿಗಾಗಿ ಹೋರಾಡಿ ಜೈಲು ಸೇರಿದ ಮಹಿಳೆಯರು ಕ್ಯಾಮೆರಾಕ್ಕೆ ಮುಖ ಕೊಡಲು ಒಪ್ಪದಿದ್ದಾಗ, 1913ರಲ್ಲಿ ಲಂಡನ್ನಿನ ಹಾಲೊವೇ ಜೈಲಿನ ಅಂಗಳದಲ್ಲಿ ಅಡ್ಡಾಡುತ್ತಿದ್ದವರನ್ನು ದೂರದ ಲೆನ್ಸಿನಿಂದ ಗುಟ್ಟಾಗಿ ಸೆರೆಹಿಡಿಯಲಾಯಿತು. ಮ್ಯಾಂಚೆಸ್ಟರಿನ ಎವೆಲಿನ್ ಮನೆಸ್ಟಾ ಅವರ ಕುತ್ತಿಗೆಯನ್ನು ಕಾವಲಿನವರೊಬ್ಬರ ತೋಳು ಹಿಡಿದಿರುವುದು ಮೂಲಚಿತ್ರದಲ್ಲಿ ಕಾಣುತ್ತದೆ. ಪೊಲೀಸರು ಹಂಚಿದ ಪ್ರತಿಯಲ್ಲಿ ಆ ತೋಳನ್ನು ತಿದ್ದಿ ಅಳಿಸಲಾಗಿದೆ. ಮುಖ ಗುರುತಿಸಲು ಆ ತೋಳು ಅಡ್ಡಿಯಾಗುತ್ತಿರಲಿಲ್ಲ. ಬಲಪ್ರಯೋಗ ಕಾಣಬಾರದೆಂದೇ ಅದನ್ನು ಅಳಿಸಿದರು ಎಂಬುದು, ನೆಗೆಟಿವ್ ತಿದ್ದುವ ಕೆಲಸ ಬಲ್ಲ ನನ್ನ ಅಭಿಪ್ರಾಯ.