ಇಂಗ್ಲಿಷ್ ಬರಲ್ಲ ಅನ್ನೋರಿಂದ ಇಂಗ್ಲಿಷ್ ಸುದ್ದಿ ಬರೆಸಿದ್ದು

ಶಿವಮೊಗ್ಗದಲ್ಲಿ ಪತ್ರಿಕೋದ್ಯಮ ಎಂ.ಎ. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಸುದ್ದಿ ಬರವಣಿಗೆ ಕಲಿಸುತ್ತೇನೆ. ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯವರೇ ಜಾಸ್ತಿ, ಹೆಚ್ಚಿನವರು ಡಿಗ್ರಿವರೆಗೂ ಕನ್ನಡ ಮಾಧ್ಯಮ. ಬಂದ ಕೂಡಲೇ 'ಮೇಡಂ, ಮೊದಲು ಗ್ರಾಮರ್ ಹೇಳ್ಕೊಡಿ' ಅಂತಾರೆ. ನಾನು ಹೇಳಿಕೊಡುವುದಿಲ್ಲ. ಟೆನ್ಸ್ ಪಟ್ಟಿಯನ್ನು ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿರುತ್ತಾರೆ, ಅದನ್ನೇ ಮತ್ತೆ ಮಾಡಿಸಿ ಏನು ಪ್ರಯೋಜನ? ನಾನು ನೋಡಿದ ಮಟ್ಟಿಗೆ, ಯಾರು ಏನು ಮಾಡಿದರು ಅನ್ನೋದು ಸರಿಯಾಗಿ ಗೊತ್ತಿಲ್ಲದಾಗಲೇ ಇವರ ಇಂಗ್ಲಿಷ್ ಕೆಡುವುದು.

ಹಾಗಾಗಿ ಮಳೆಗಾಲದಲ್ಲಿ ಜಲಾಶಯದ ಮಟ್ಟದಿಂದ ಶುರು ಮಾಡುತ್ತೇನೆ. ಬೆಳಿಗ್ಗೆ ಎದ್ದರೆ ವಾಟ್ಸಾಪ್‌ನಲ್ಲಿ ಬಂದಿರುತ್ತಲ್ಲ, ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಭದ್ರಾ 186 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು ಅಂತ. ಆ ಪಟ್ಟಿ ಕೊಟ್ಟು ಒಂದೇ ಒಂದು ಇಂಗ್ಲಿಷ್ ವಾಕ್ಯ ಕೇಳುತ್ತೇನೆ. ಹೆಚ್ಚುಕಡಿಮೆ ಎಲ್ಲರೂ 'ಜಲಾನಯನ ಪ್ರದೇಶದಲ್ಲಿ ಸತತ ಮಳೆಯಾಗುತ್ತಿರುವ ಹಿನ್ನೆಲೆಯಲ್ಲಿ' ಅನ್ನೋದನ್ನೇ ಇಂಗ್ಲಿಷಿನಲ್ಲಿ ಎಳೆಯುತ್ತಾ ಹೋಗುತ್ತಾರೆ. ಕನ್ನಡದಲ್ಲಿ ಅದು ಸಹಜ. ಕ್ರಿಯಾಪದ ಕೊನೆಗೇ ಬರುವುದರಿಂದ ಓದುವವರು ಅಲ್ಲಿವರೆಗೆ ಕಾಯುತ್ತಾರೆ. ಇಂಗ್ಲಿಷ್ ಸುದ್ದಿಯ ಮೊದಲ ವಾಕ್ಯದಲ್ಲಿ ಹಾಗೆ ಕಾಯಿಸುವ ಹಾಗಿಲ್ಲ.

ಅಲ್ಲಿಗೆ ಪೆನ್ ಕೆಳಗಿಡಿಸುತ್ತೇನೆ. 'ಭದ್ರಾವತಿಯಲ್ಲಿ ಹೊಳೆ ಪಕ್ಕದಲ್ಲೇ ನಿಮ್ಮತ್ತೆ ಮನೆ ಇದೆ ಅಂದ್ಕೋ. ಫೋನ್ ಮಾಡಿ ಮೊದಲು ಏನು ಹೇಳ್ತೀಯ?'

'ಡ್ಯಾಮ್ ಗೇಟ್ ತೆಗೀತಾರಂತೆ, ಹೊಳೆ ಕಡೆ ಹೋಗ್ಬೇಡಿ ಅಂತೀನಿ ಮೇಡಂ.'

'ಅದನ್ನೇ ಬರಿ.' ಲೀಡ್, ಅಂದರೆ ಸುದ್ದಿಯ ಮೊದಲ ವಾಕ್ಯ, ಸಿಕ್ಕಿತು. ಯಾರು ತೆಗೀತಾರೆ, ಎಷ್ಟು ಹೊತ್ತಿಗೆ, ಎಷ್ಟು ನೀರು ಅನ್ನೋದು ಅದರ ಬೆನ್ನಿಗೆ ಬರುತ್ತೆ. ಮಳೆ ಎರಡನೇ ಪ್ಯಾರಾಕ್ಕೆ ಹೋಗುತ್ತೆ.

ಆಮೇಲೆ ಕಾಡುವುದು ಪ್ರಕಟಣೆಗಳ ಭಾಷೆ. ನೀರು ಬಿಡಲಾಗಿದೆ, ಎಚ್ಚರಿಕೆ ನೀಡಲಾಗಿದೆ, ಕ್ರಮ ಕೈಗೊಳ್ಳಲಾಗಿದೆ. ಫೋನಿನ ಅನುವಾದದ ಆಪ್‌ಗೆ ಹಾಕಿದರೆ ಅದೂ ಹಾಗೇ ಇಂಗ್ಲಿಷಿಗೆ ಇಳಿಯುತ್ತೆ. ವ್ಯಾಕರಣ ಸರಿ ಇರುತ್ತೆ, ಮಾಡಿದವರು ಮಾತ್ರ ಕಾಣಿಸಲ್ಲ. ಆಪ್ ಬಳಸಬೇಡಿ ಅಂತ ನಾನು ಹೇಳಲ್ಲ, ಹೇಳಿದರೂ ಯಾರು ಕೇಳ್ತಾರೆ? ಅಂಥ ಪ್ರತಿ ವಾಕ್ಯದ ಪಕ್ಕ, ಆ ಕೆಲಸ ಮಾಡಿದವರ ಹುದ್ದೆ ಬರೆದುಕೊಂಡು ಬರಬೇಕು ಅಂತ ಮಾತ್ರ ಕಟ್ಟುನಿಟ್ಟು. ಅದು ಗೊತ್ತಾಗಬೇಕಾದರೆ ಅಣೆಕಟ್ಟಿನ ಎಂಜಿನಿಯರ್ ಕಚೇರಿಗೋ ತಹಸೀಲ್ದಾರ್ ಕಚೇರಿಗೋ ಫೋನ್ ಮಾಡಲೇಬೇಕು. ಹಾಗೆ ಕೇಳಿಕೊಂಡು ಬಂದವರ ವಾಕ್ಯ ತಾನಾಗಿಯೇ ಚಿಕ್ಕದಾಗಿರುತ್ತೆ.

ಮಂಗನ ಕಾಯಿಲೆಯ ಸುದ್ದಿಯಲ್ಲಿ ಇದು ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ, ಆ ಕಾಡಿನ ಹೆಸರೇ ಅದಕ್ಕೆ ಅಂಟಿಕೊಂಡಿದೆ. ಮಕ್ಕಳು ಇಂಗ್ಲಿಷಿನಲ್ಲಿ 'ಮಂಗಗಳು ಕಾಯಿಲೆ ಹರಡುತ್ತವೆ' ಅಂತ ಬರೆದು ತರುತ್ತಾರೆ. ಕರ್ತೃ, ಕರ್ಮ, ಕ್ರಿಯೆ ಎಲ್ಲಾ ಸರಿ, ವಿಷಯ ತಪ್ಪು. ಮನುಷ್ಯರಿಗೆ ವೈರಸ್ ದಾಟಿಸುವುದು ಉಣುಗು. ಮಂಗವೂ ಅದೇ ಉಣುಗು ಕಚ್ಚಿಯೇ ಸಾಯೋದು. ಕರ್ತೃವಿನ ಜಾಗಕ್ಕೆ ಉಣುಗು ಬಂದರೆ ವಾಕ್ಯ ಸರಿಯಾಗುತ್ತೆ. ಇನ್ನು 'ಶಂಕಿತ' ಮತ್ತು 'ದೃಢಪಟ್ಟ' ಅನ್ನೋದು ಬೇರೆ ಬೇರೆ. ಲ್ಯಾಬ್ ವರದಿ ಬರುವ ಮೊದಲೇ ದೃಢ ಅಂತ ಬರೆದವರಿಗೆ ಆ ಹಾಳೆಯನ್ನು ಹಾಗೇ ವಾಪಸ್ ಕೊಡುತ್ತೇನೆ. ಸೊರಬ, ಸಾಗರದ ಕಾಡಂಚಿನ ಊರಿನವರು ಇಲ್ಲಿ ಬೇರೆಯವರಿಗಿಂತ ಮುಂದೆ. ಮಂಗ ಸತ್ತರೆ ಯಾರಿಗೆ ಹೇಳಬೇಕು, ಕಾಡಿಗೆ ಹೋಗುವಾಗ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳೋಕೆ ಕೊಡುವ ಡೆಪಾ ಎಣ್ಣೆ ಹೇಗಿರುತ್ತೆ, ಎಲ್ಲಾ ಗೊತ್ತು.

ಅಡಿಕೆ ಧಾರಣೆಯಲ್ಲೂ ಹಾಗೇ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬರೆದರೆ ದೆಹಲಿಯಲ್ಲಿ ಕೂತು ಓದುವವರಿಗೆ ಏನು ಅರ್ಥವಾಗಬೇಕು? ಸುಲಿದು, ಬೇಯಿಸಿ, ಒಣಗಿಸಿದ ಕೆಂಪಡಿಕೆಯ ದರ್ಜೆಗಳಿವು, ಸರಕಿಗೆ ಬೆಲೆ ಹೆಚ್ಚು, ಗೊರಬಲಿಗೆ ಕಡಿಮೆ ಅನ್ನೋದನ್ನು ಸುದ್ದಿ ನಿಲ್ಲಿಸದೆ ನಾಲ್ಕೈದು ಪದಗಳಲ್ಲಿ ಸೇರಿಸಬೇಕು. ಮನೆಯಲ್ಲಿ ಅಡಿಕೆ ಸುಲಿದವರಿಗೆ ಇದು ಬೇಗ ಬರುತ್ತೆ. ಪೇಟೆ ಹುಡುಗರು ತಿಣುಕಾಡುತ್ತಾರೆ, ಅವರ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ.

ಭಾಷಣದ ವರದಿಗೆ ಒಂದೇ ನಿಯಮ: 'ಸೆಡ್' ಸಾಕು. ಅಭಿಪ್ರಾಯಪಟ್ಟರು, ಕರೆ ನೀಡಿದರು, ವಿಷಾದಿಸಿದರು ಇವನ್ನೆಲ್ಲ ಇಂಗ್ಲಿಷಿಗೆ ಎತ್ತಿಕೊಂಡು ಹೋಗಬೇಡಿ.

ತಿದ್ದುವಾಗ ಮೊದಲ ಸುತ್ತಿನಲ್ಲಿ ಇಂಗ್ಲಿಷ್ ಮುಟ್ಟುವುದೇ ಇಲ್ಲ. ಹೆಸರು, ಹುದ್ದೆ, ಅಂಕಿ, ಯಾರು ಹೇಳಿದ್ದು, ಇಷ್ಟಕ್ಕೆ ಮಾತ್ರ ಗೆರೆ. ಎರಡನೇ ಸುತ್ತಿನಲ್ಲಿ ಕ್ರಿಯಾಪದ. 'ಎ', 'ದಿ' ಎಲ್ಲಾ ಕೊನೆಗೆ. ಮೊದಲೇ ಅದಕ್ಕೆ ಕೆಂಪು ಬಳಿದರೆ ಮಕ್ಕಳು ಹೆದರಿ, ತಪ್ಪಾಗದಂಥ ನಾಲ್ಕು ವಾಕ್ಯ ಬರೆದು ಸುಮ್ನೆ ಕೂತುಬಿಡುತ್ತಾರೆ.

ಜೊತೆಗೆ ತರಗತಿಗೇ ಅಂತ ಒಂದು ಹಾಳೆಯ ಸ್ಟೈಲ್‌ಬುಕ್ ಮಾಡಿಕೊಂಡಿದ್ದೇವೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಶಿವಮೊಗ್ಗ, ಹಾಗಾಗಿ ಶಿಮೊಗ ಬೇಡ. ಒಂಬತ್ತರವರೆಗೆ ಅಕ್ಷರದಲ್ಲಿ, 10ರಿಂದ ಅಂಕಿಯಲ್ಲಿ. ಲಕ್ಷ, ಕೋಟಿ ಇರಲಿ, ಮಿಲಿಯನ್ ಬೇಡ. ತೀರ್ಥಹಳ್ಳಿಯ ಸ್ಪೆಲ್ಲಿಂಗ್‌ನಲ್ಲಿ ಎಷ್ಟು 'ಎಚ್' ಅಂತ ಪ್ರತಿ ಬ್ಯಾಚ್‌ನಲ್ಲೂ ಜಗಳ ಆಗುತ್ತೆ, ಆಗಲಿ.

ಪರೀಕ್ಷೆಯಲ್ಲಿ ಮಾತ್ರ ಇವತ್ತಿಗೂ, ಮುಖ್ಯವಾದದ್ದನ್ನು ಮೊದಲು ಹೇಳುವ ಸುದ್ದಿ ಕ್ರಮದ ಬಗ್ಗೆ, 'ಇನ್ವರ್ಟೆಡ್ ಪಿರಮಿಡ್ ಎಂದರೇನು, ಚಿತ್ರ ಸಹಿತ ವಿವರಿಸಿ' ಅಂತ ಕೇಳುತ್ತಾರೆ. ಅದಕ್ಕೆ ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ, ಹಿಂದಿನ ರಾತ್ರಿ ಓದಿಕೊಳ್ಳುತ್ತಾರೆ.